ಸೊಸೈಟಿ ಕಮಿಟಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ

ಮುಂಬೈ ಮತ್ತು ಸುತ್ತಲಿನ ಮುಲುಂಡ್, ಡೊಂಬಿವಲಿ, ಅಂಧೇರಿ ಕಡೆಯ ಹೌಸಿಂಗ್ ಸೊಸೈಟಿ ಕಮಿಟಿಗಳಲ್ಲಿ ನಮ್ಮ ಕನ್ನಡದವರು ಕಮ್ಮಿಯೇನಿಲ್ಲ. ಅಲ್ಲೂ ಅಷ್ಟೇ, ಕನ್ನಡ ಸಂಘಗಳಲ್ಲೂ ಅಷ್ಟೇ, ಗೊಣಗು ಒಂದೇ: "ಸೆಕ್ರೆಟರಿ ಸರಿಯಿಲ್ಲ, ಬದಲಾಯಿಸಿ." ಬದಲಾಯಿಸಿದರೂ ಮುಂದಿನ ವರ್ಷ ಅದೇ ಗೊಣಗು. ಸೈಬರ್ನೆಟಿಕ್ಸ್, ಅಂದರೆ ಸುದ್ದಿ ಮತ್ತು ನಿಯಂತ್ರಣದ ಶಾಸ್ತ್ರ, ಓದಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಆ ಶಾಸ್ತ್ರದ ತಜ್ಞ ರಾಸ್ ಆ್ಯಶ್‌ಬಿ 1956ರಲ್ಲೇ ಬರೆದಿಟ್ಟ ನಿಯಮವಿದೆ: ತೊಂದರೆಗಳು ಎಷ್ಟು ಬಗೆಯಲ್ಲಿ ಬರುತ್ತವೋ, ಉತ್ತರಿಸುವವನ ಕೈಯಲ್ಲೂ ಅಷ್ಟು ಬಗೆಯ ಉತ್ತರಗಳಿರಬೇಕು. ನಮ್ಮಲ್ಲಿ 120 ಫ್ಲ್ಯಾಟು, ಒಬ್ಬ ಸೆಕ್ರೆಟರಿ, ಒಂದು ವಾಟ್ಸ್‌ಆ್ಯಪ್ ಗ್ರೂಪ್. ಸೋರುವ ಪೈಪಿನ ದೂರು ಗುಡ್ ಮಾರ್ನಿಂಗ್ ಗುಲಾಬಿಗಳ ಕೆಳಗೆ ಹೂತುಹೋಗುತ್ತದೆ.

ನೀರನ್ನೇ ನೋಡಿ. ಸೋರಿಕೆ ಗೊತ್ತಾಗುವುದು ಬಿಲ್ ಬಂದಾಗ, ಇಲ್ಲವೇ ಟ್ಯಾಂಕರ್ ತರಿಸಬೇಕಾದಾಗ. ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಆಗ ಕಮಿಟಿ ಗಾಬರಿಯಿಂದ ನೀರು ಬಿಡುವ ಹೊತ್ತನ್ನೇ ಕತ್ತರಿಸುತ್ತದೆ, ಜನ ಡ್ರಮ್ಮುಗಳಲ್ಲಿ ತುಂಬಿಟ್ಟುಕೊಳ್ಳುತ್ತಾರೆ, ಬಳಕೆ ಇನ್ನೂ ಏರುಪೇರಾಗುತ್ತದೆ. ತಡವಾದ ಫೀಡ್‌ಬ್ಯಾಕಿಗೆ ಜೋರಾದ ಪ್ರತಿಕ್ರಿಯೆ ಸೇರಿದರೆ ತೂಗಾಟ ಖಚಿತ. ಮದ್ದು ಅಗ್ಗದ್ದು: ರಾತ್ರಿ 1 ಗಂಟೆಗೆ ಪಂಪ್ ನಿಲ್ಲಿಸಿ ಮೇಲಿನ ಟ್ಯಾಂಕಿನ ಮಟ್ಟ ಬರೆದಿಡಿ, 4 ಗಂಟೆಗೆ ಮತ್ತೆ ಅಳೆಯಿರಿ. 5 ಮೀಟರ್ ಉದ್ದ, 2 ಮೀಟರ್ ಅಗಲದ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿದರೆ 100 ಲೀಟರ್ ಹೋಯಿತು ಎಂದರ್ಥ. ದಿನವೂ ಇಳಿತ ಒಂದೇ ಥರ ಇದ್ದು, ಒಂದು ರಾತ್ರಿ ದುಪ್ಪಟ್ಟಾದರೆ ಬೆಳಿಗ್ಗೆಯೇ ಪ್ಲಂಬರನ್ನು ಕರೆಸಿ. ವಾಚ್‌ಮನ್ ಕೂತಲ್ಲೇ ಅಂದಾಜಿಗೆ ಅಂಕಿ ಬರೆಯುವ ಅಪಾಯವಂತೂ ಇದೆ. ಅದಕ್ಕೇ ತಿಂಗಳಿಗೊಮ್ಮೆ ಕಮಿಟಿಯ ಒಬ್ಬರು ಹೇಳದೆ ಹೋಗಿ ತಾವೇ ಅಳೆಯಬೇಕು.

ದೂರಿಗೆ ಗಡುವು ಇರಲಿ. 48 ಗಂಟೆಯಲ್ಲಿ ಬಗೆಹರಿಯದಿದ್ದರೆ ಅದು ತಾನಾಗಿ ಅಧ್ಯಕ್ಷರಿಗೆ, 7 ದಿನ ದಾಟಿದರೆ ಇಡೀ ಕಮಿಟಿಗೆ ಹೋಗಬೇಕು, ಸೆಕ್ರೆಟರಿಯ ಮರ್ಜಿ ಕಾಯದೆ. ಅದೇ ಶಾಸ್ತ್ರದ ಬ್ರಿಟಿಷ್ ತಜ್ಞ ಸ್ಟ್ಯಾಫರ್ಡ್ ಬೀರ್ 1971ರಿಂದ 1973ರವರೆಗೆ ಚಿಲಿಯ ಸರ್ಕಾರಿ ಕಾರ್ಖಾನೆಗಳಿಗಾಗಿ ರೂಪಿಸಿದ ಯೋಜನೆಯಲ್ಲೂ ಇದೇ ತತ್ವವಿತ್ತು, ಅದೂ ಟೆಲೆಕ್ಸ್ ಕಾಲದಲ್ಲಿ.

ಸಂಸ್ಥೆ ಹೇಗೆ ನಡೆಯಬೇಕೆಂದು ಬೀರ್ ರೂಪಿಸಿದ ಮಾದರಿಯಲ್ಲಿ ಮುಂದಿನದನ್ನು, ಹೊರಗಿನದನ್ನು ನೋಡುವುದೇ ಒಂದು ಪ್ರತ್ಯೇಕ ಕೆಲಸ. ನಮ್ಮ ಕಮಿಟಿಗಳಲ್ಲಿ ಆ ಕುರ್ಚಿ ಖಾಲಿ. (ಸಂಘಗಳಲ್ಲೂ ಖಾಲಿ, ಸದಸ್ಯರ ವಯಸ್ಸು ನೋಡಿದರೆ ಸಾಕು.) ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಯ (ಬೈಲಾ) ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಆಗಬೇಕು. ಸಿಂಕಿಂಗ್ ಫಂಡಿಗೆ (ದೊಡ್ಡ ದುರಸ್ತಿಗೆಂದು ಕೂಡಿಡುವ ನಿಧಿ) ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ 0.25 ಶೇಕಡಾ. ವೆಚ್ಚ 4 ಕೋಟಿ ಆಗಿದ್ದರೆ ವರ್ಷಕ್ಕೆ 1 ಲಕ್ಷ. ಲೆಕ್ಕದ ಬುನಾದಿ ಕಟ್ಟಿದ ಕಾಲದ್ದು, ದುರಸ್ತಿಯ ದರ ಇವತ್ತಿನದು. ಕನಿಷ್ಠವನ್ನೇ ಗರಿಷ್ಠ ಮಾಡಿಕೊಂಡು ಕೂತವರು ಈ ಬಾಬ್ತನ್ನು ಸೆಪ್ಟೆಂಬರ್ 30ರೊಳಗಿನ ವಾರ್ಷಿಕ ಸಭೆಯ ಅಜೆಂಡಾದಲ್ಲಿ, ಚಹಾ-ಬಿಸ್ಕತ್ತಿಗೆ ಮೊದಲೇ, ಹಾಕಿಸಿ.