ಚಕ್ರವರ್ತಿಗೆ ದಾರಿ ಬಿಡಿ

ಕಾರಿಗೆ 20 ವರ್ಷ. ಬಾನೆಟ್‌ನ ಬಣ್ಣ ಬಿಸಿಲಿಗೆ ಬಿಳಚಿಕೊಂಡಿದೆ. ಕಿಟಕಿ ಇಳಿಸಬೇಕಂದ್ರೆ ಗಾಜನ್ನು ಅಂಗೈಯಲ್ಲಿ ಒತ್ತಿ ಹಿಡಿಯಬೇಕು. ಬ್ರೇಕ್ ಒತ್ತಿದರೆ ಕೀಂಯ್ ಅನ್ನುತ್ತದೆ. ಇಷ್ಟಕ್ಕೂ ಮಾಲೀಕರು ರಾತ್ರಿಯೆಲ್ಲ ಯೋಚಿಸಿ ಒಂದೇ ಮದ್ದು ಕಂಡುಹಿಡಿದಿದ್ದಾರೆ. 17 ಇಂಚಿನ ಅಲಾಯ್ ವೀಲ್, ಅಂದರೆ ಮಿಶ್ರಲೋಹದ ಶೋಕಿ ಚಕ್ರ.

ಬ್ರೇಕಿಗೆ ಪ್ಯಾಡಿಲ್ಲ, ಚಕ್ರಕ್ಕೆ ಮಲ್ಲಿಗೆ ಹೂವು.

ಕಾರು ಹುಟ್ಟಿದಾಗ ಅದರ ಕಾಲಿಗಿದ್ದದ್ದು 155/80 ಆರ್13 ಟೈರು. ಅಂದರೆ ಅಗಲ 155 ಮಿಲಿಮೀಟರ್, 13 ಇಂಚಿನ ರಿಮ್ಮು, ಅದರ ಸುತ್ತ ಅಗಲದ ಶೇಕಡಾ 80ರಷ್ಟು, 124 ಮಿಲಿಮೀಟರ್ ಎತ್ತರದ ರಬ್ಬರು. ಗುಂಡಿ ಬಂದಾಗ ಮೊದಲು ಪೆಟ್ಟು ತಿನ್ನುತ್ತಿದ್ದದ್ದು ಆ ರಬ್ಬರೇ. ಈಗ ಬಂದಿರುವುದು 205/40 ಆರ್17. ರಬ್ಬರು 82 ಮಿಲಿಮೀಟರಿಗೆ ಇಳಿದಿದೆ. ಮಿಕ್ಕ ಪೆಟ್ಟನ್ನು ರಿಮ್ಮು, ಬೇರಿಂಗು ಮತ್ತು ಮಾಲೀಕರ ಸೊಂಟ ಸರದಿ ಮೇಲೆ ಹಂಚಿಕೊಳ್ಳುತ್ತವೆ. "ರೋಡ್ ಫೀಲ್ ಸೂಪರ್" ಅನ್ನುತ್ತಾರೆ ಅವರು, ಬೆನ್ನು ಹಿಡಿದುಕೊಂಡು.

ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆ ಉಜ್ಜುತ್ತಿತ್ತು. ಚಕ್ರ ದೊಡ್ಡದಾಯಿತು ಅಂತ ನೀವು ಹೇಳಬಹುದು. ಸುಮ್ನಿರಿ. ಚಕ್ರ ತಪ್ಪು ಮಾಡುವುದಿಲ್ಲ, ತಪ್ಪೆಲ್ಲ ಕಾರಿನದು. ಆದ್ದರಿಂದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿದರು. ಆಮೇಲೆ ನೋಡಿದರೆ ಚಕ್ರ ಸಸ್ಪೆನ್ಷನ್‌ಗೆ ತಾಗುತ್ತಿದೆ. ಚಕ್ರದ ಹಿಂದೆ ಸ್ಪೇಸರ್ ಅನ್ನುವ ಲೋಹದ ಬಿಲ್ಲೆ ಹಾಕಿ ಆಚೆ ತಳ್ಳಿದರು. ಆಚೆ ತಳ್ಳಿದ್ದಕ್ಕೆ ಚಕ್ರದ ಮೇಲಿನ ತಗಡಿಗೆ, ಅಂದರೆ ಫೆಂಡರಿಗೆ ತಾಗಿತು. ಫೆಂಡರಿನ ಅಂಚನ್ನು ಬಡಿದು ಮಡಚಿದರು, ಬಣ್ಣ ಎದ್ದು ಬಂತು. ಕೊನೆಗೆ ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ತುರುಕಿ ಇಡೀ ಕಾರನ್ನೇ ಎತ್ತಿದರು. ಈಗ ಎಲ್ಲ ಸರಿಯಾಗಿದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಂಚೂರು ಉಜ್ಜುವುದು ಬಿಟ್ಟರೆ. ಹಿಂದಿನ ಸೀಟಿನಲ್ಲಿ ಮಾತ್ರ ಯಾರೂ ಕೂರುವಂತಿಲ್ಲ, ಕೂತರೆ ಹಿಂದೆಯೂ ಉಜ್ಜುತ್ತದೆ. ಅತ್ತೆ ಮಾವ ಟ್ಯಾಕ್ಸಿಯಲ್ಲಿ ಮುಂದೆ ಹೋಗುತ್ತಾರೆ, ಅಳಿಯಂದಿರು ಖಾಲಿ ಕಾರಿನಲ್ಲಿ ಹಿಂದೆ ಬರುತ್ತಾರೆ. ಐದು ಜನರ ಕಾರು ಇಬ್ಬರ ಸ್ಪೋರ್ಟ್ಸ್ ಕಾರಾಯಿತು, ಇನ್ನೇನು ಬೇಕು?

ಲಾಭವೂ ಇದೆ ಅನ್ನಿ. ಹಳೆಯ ಚಕ್ರದ ಎತ್ತರ ಸುಮಾರು 578 ಮಿಲಿಮೀಟರ್, ಹೊಸದರದ್ದು 596. ಒಂದು ಸುತ್ತಿಗೆ ಶೇಕಡಾ 3ರಷ್ಟು ದೂರ ಜಾಸ್ತಿ. ಮೀಟರಿಗೆ ಇದು ಗೊತ್ತಿಲ್ಲ, ಅದು ಹಳೇ ಲೆಕ್ಕವನ್ನೇ ಬರೆಯುತ್ತದೆ. ಅಂದರೆ ಓಡಿದ ಕಿಲೋಮೀಟರ್ ಮೊದಲಿಗಿಂತ ಕಮ್ಮಿ ಬೀಳುತ್ತದೆ. ಕಾರಿಗೆ ವಯಸ್ಸಾಗುವುದೇ ನಿಧಾನವಾಯಿತು! ಪೆಟ್ರೋಲ್ ಟ್ಯಾಂಕು ಮಾತ್ರ ಈ ಲೆಕ್ಕ ಒಪ್ಪುತ್ತಿಲ್ಲ. ತೂಕದ ಚಕ್ರ ಎಳೆಯುವ ಎಂಜಿನ್ನೂ ಸಿಗ್ನಲ್‌ನಲ್ಲಿ ನರಳಿಕೊಂಡೇ ಹೊರಡುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಹಿಂದಿನ ಚಕ್ರ. ಅಲಾಯ್ ಕಡ್ಡಿಗಳ ನಡುವೆ ಕೈ ತೂರುವಷ್ಟು ಜಾಗ. ಬಗ್ಗಿ ನೋಡಿದರೆ ಒಳಗೆ ಹಳೇ ಡ್ರಮ್ ಬ್ರೇಕು, ಅರಮನೆಯ ಮೂಲೆಯಲ್ಲಿ ಕೂತ ಬಡ ನೆಂಟನ ಹಾಗೆ. ಮೈತುಂಬ ತುಕ್ಕು. ಮೊದಲಾದರೆ ವೀಲ್ ಕ್ಯಾಪ್ ಅದರ ಮಾನ ಕಾಪಾಡುತ್ತಿತ್ತು. ಈಗ ಬೀದಿಗೆಲ್ಲ ಕಾಣುತ್ತದೆ. ಮಾಲೀಕರು ತಕ್ಷಣ ಕ್ರಮ ಕೈಗೊಂಡರು. ಡ್ರಮ್ಮಿಗೆ ಕೆಂಪು ಬಣ್ಣ ಬಳಿದರು. ಬಣ್ಣ ಬಳಿದರೆ ಬ್ರೇಕು ಹಿಡಿಯುತ್ತಾ ಅಂತ ಕೇಳಬೇಡಿ. ನೋಡಿದವರು ಹಿಡಿಯುತ್ತೆ ಅಂದುಕೊಂಡರೆ ಸಾಕು, ಅಲ್ವಾ?

ಮೊನ್ನೆ ಗುಂಡಿಗೆ ಬಿದ್ದು ಮುಂದಿನ ಒಂದು ರಿಮ್ಮು ಸೊಟ್ಟಗಾಯಿತು. ಡಿಕ್ಕಿಯಲ್ಲಿ ಇನ್ನೂ ಹಳೇ 13 ಇಂಚಿನ ಸ್ಟೆಪ್ನಿಯೇ ಇತ್ತು, ಅದನ್ನೇ ಹಾಕಿಕೊಂಡು ಹೊರಟರು. ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಆ ಮೂಲೆಯಿಂದ ಒಂಚೂರೂ ಸದ್ದಿಲ್ಲ. ಮಾಲೀಕರಿಗೆ ಗಾಬರಿಯಾಗಿ ಗಾಡಿ ಪಕ್ಕಕ್ಕೆ ಹಾಕಿದರು. "ಅಣ್ಣಾ, ಸ್ಟೆಪ್ನಿಯಲ್ಲೇನೋ ಪ್ರಾಬ್ಲಂ ಇದೆ, ಉಜ್ತಾನೇ ಇಲ್ಲ" ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದಾರೆ.