ಕತೆ ಹೇಳಿದರೆ ಹೋರಾಟ ಮಾಡಿದಂತಾ?

ಬೀದಿಗಿಳಿಯದೆ, ಘೋಷಣೆ ಕೂಗದೆ, ಸುಮ್ನೆ ಒಂದು ಕತೆ ಹೇಳಿ ಜನರನ್ನು ಬದಲಿಸಬಹುದಾ? ಎರಡೂ ಕಡೆ ನಾನೇ ನಿಂತು ಬರೆದಿದ್ದೇನೆ. ಯಾವ ಕಡೆ ಮನಸ್ಸು ಜಾಸ್ತಿ ವಾಲಿತು ಅನ್ನೋದನ್ನು ಮುಚ್ಚಿಡೋಕೆ ಆಗಿಲ್ಲ, ಇರಲಿ.

ಪರ

ನನ್ನ ಗೆಳತಿಯೊಬ್ಬಳು ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಒಂದು ಕಾರ್ಯಕ್ರಮದಲ್ಲಿ ನಾನು ಕೊಟ್ಟ ನೀರಿನ ಬಾಟಲಿಯನ್ನು ಮುಚ್ಚಳ ತೆಗೆಯದೆ ಪಕ್ಕಕ್ಕಿಟ್ಟಳು. ಯಾಕೆ ಅಂತ ಕೇಳಿದೆ. "ಇಲ್ಲಿ ಟಾಯ್ಲೆಟ್ಟಿಗೆ ಮೂರು ಮೆಟ್ಟಿಲಿದೆ ಕಣೇ. ಬೆಳಗ್ಗೆಯಿಂದ ನೀರು ಕುಡಿದಿಲ್ಲ" ಅಂದಳು. ಅಷ್ಟೇ. ದೂರಲಿಲ್ಲ, ಏನೂ ಕೇಳಲಿಲ್ಲ, ಬೇರೆ ಮಾತಿಗೆ ಹೋದಳು.

ಅಂಗವಿಕಲರ ಹಕ್ಕುಗಳ ಬಗ್ಗೆ ನಾನು ಅದಕ್ಕೂ ಮುಂಚೆ ಎಷ್ಟೋ ಓದಿದ್ದೆ. ಓದಿ ತಲೆಯಾಡಿಸಿ ಮರೆತಿದ್ದೆ. ಆ ಮೂರು ಮೆಟ್ಟಿಲನ್ನು ಮಾತ್ರ ಮರೆಯೋಕೆ ಆಗಿಲ್ಲ. ಈಗ ಯಾವ ಕಟ್ಟಡಕ್ಕೆ ಹೋದರೂ ಕಣ್ಣು ತಾನಾಗಿ ಮೆಟ್ಟಿಲು ಎಣಿಸುತ್ತದೆ.

ಯಾರಾದರೂ ಉಪದೇಶ ಶುರು ಮಾಡಿದ ತಕ್ಷಣ ನಮ್ಮೊಳಗೊಬ್ಬ ವಕೀಲ ಎದ್ದು ನಿಲ್ಲುತ್ತಾನೆ. ಪ್ರತಿ ಮಾತಿಗೂ ಅವನದೊಂದು ತಕರಾರು. ಅದೇ ಕತೆ ಶುರುವಾದರೆ ಅವನೂ "ಆಮೇಲೆ?" ಅಂತ ಕೂತುಬಿಡುತ್ತಾನೆ.

ಇಂಗ್ಲೆಂಡಿನ ಆನಾ ಸ್ಯೂವೆಲ್ ಹುಡುಗಿಯಾಗಿದ್ದಾಗಲೇ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡವರು. ಸರಿಯಾಗಿ ನಡೆಯಲಾಗದೆ ಓಡಾಟಕ್ಕೆ ಕುದುರೆಗಾಡಿಯನ್ನೇ ನೆಚ್ಚಿಕೊಂಡಿದ್ದರು. 1877ರಲ್ಲಿ ಅವರ 'ಬ್ಲ್ಯಾಕ್ ಬ್ಯೂಟಿ' ಬಂತು. ಅದರಲ್ಲಿ ಕುದುರೆಯೇ ತನ್ನ ಕತೆ ಹೇಳುತ್ತದೆ. ಆಗ ಸಿರಿವಂತರ ಗಾಡಿ ಕುದುರೆಗಳಿಗೆ ಬೇರಿಂಗ್ ರೇನ್ ಅಂತ ಒಂದು ಬಿಗಿ ಪಟ್ಟಿ ಕಟ್ಟುತ್ತಿದ್ದರು. ಕುದುರೆ ತಲೆ ತಗ್ಗಿಸಬಾರದು, ಸದಾ ಕತ್ತೆತ್ತಿ ಠೀವಿಯಿಂದ ಕಾಣಬೇಕು. ನೋಡೋರಿಗೆ ಚೆಂದ. ಆದರೆ ದಿಣ್ಣೆ ಹತ್ತುವಾಗ ಕುದುರೆ ತಲೆಯನ್ನು ಮುಂದಕ್ಕೆ ಚಾಚಿ ಭಾರ ಎಳೆಯಬೇಕಲ್ವಾ, ಅದಕ್ಕೇ ಆ ಪಟ್ಟಿ ಬಿಡುತ್ತಿರಲಿಲ್ಲ, ಕುತ್ತಿಗೆ ನೋಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಗಾಡಿಯಲ್ಲಿ ಕೂತವರ ಕಣ್ಣೆದುರೇ ದಿನಾ ಇದು ನಡೆಯುತ್ತಿತ್ತು, ಯಾರಿಗೂ ಕಂಡಿರಲಿಲ್ಲ. ಕುದುರೆಯ ಬಾಯಿಂದ ಕೇಳಿದ ಮೇಲೆ ಕಂಡಿತು. ಪ್ರಾಣಿದಯೆಯ ಸಂಘದವರು ಆ ಪುಸ್ತಕವನ್ನು ಊರೂರಿಗೆ ಹಂಚಿದರು, ಪಟ್ಟಿಯ ಬಳಕೆ ಬರಬರುತ್ತಾ ಕಡಿಮೆಯಾಯಿತು. ಸ್ಯೂವೆಲ್ ಇದನ್ನೆಲ್ಲ ನೋಡಲಿಲ್ಲ. ಪುಸ್ತಕ ಬಂದ ಐದೇ ತಿಂಗಳಿಗೆ ತೀರಿಕೊಂಡಿದ್ದರು.

ಹಳೇ ಕಾಲದ ಮಾತು ಬಿಡಿ ಅಂತೀರಾ? ಬ್ರಿಟನ್ನಿನ ಅಂಚೆ ಕಚೇರಿ ಹಗರಣ ನೋಡಿ. ಹೊರೈಜನ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ, ಲೆಕ್ಕದಲ್ಲಿ ದುಡ್ಡು ಕಡಿಮೆಯಿದೆ ಅಂತ ಸುಳ್ಳು ಕೊರತೆ ತೋರಿಸಿತು. ದುಡ್ಡು ಹೊಡೆದಿದ್ದಾರೆ ಅಂತ ಸಣ್ಣಪುಟ್ಟ ಅಂಚೆ ಕಚೇರಿ ನಡೆಸುತ್ತಿದ್ದವರ ಮೇಲೆ ಕೇಸು ಬಿತ್ತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಸುದ್ದಿ ಬಂತು, ಕೋರ್ಟಿನ ತೀರ್ಪೂ ಬಂತು, ದೇಶ ಆಕಳಿಸಿ ಮಗ್ಗುಲು ಬದಲಿಸಿತು. 2024ರ ಜನವರಿ ಮೊದಲ ವಾರ ಟೀವಿಯಲ್ಲಿ ನಾಲ್ಕು ಕಂತಿನ ನಾಟಕ ಬಂತು. ಹೆಂಗಸೊಬ್ಬಳು ಸಹಾಯವಾಣಿಗೆ ಫೋನ್ ಮಾಡಿ ಅವರು ಹೇಳಿದ ಹಾಗೇ ಮಾಡುತ್ತಾಳೆ, ಅವಳ ಕಣ್ಣೆದುರೇ ಪರದೆಯ ಮೇಲೆ ಕೊರತೆ ದುಪ್ಪಟ್ಟಾಗುತ್ತದೆ. ಜನ ಕೆರಳಿದರು. ಅದೇ ಮೇ ತಿಂಗಳಲ್ಲಿ ಪಾರ್ಲಿಮೆಂಟು ಹೊಸ ಕಾನೂನು ಮಾಡಿ ನೂರಾರು ಜನರ ಮೇಲಿದ್ದ ಕಳಂಕವನ್ನು ಒಂದೇ ಏಟಿಗೆ ಅಳಿಸಿತು.

ವಿರೋಧ

ಅಂಚೆ ಕಚೇರಿಯಿಂದಲೇ ಶುರು ಮಾಡೋಣ, ಯಾಕಂದ್ರೆ ಮೇಲೆ ನಾನು ಸ್ವಲ್ಪ ಚಾಲಾಕಿತನ ಮಾಡಿದ್ದೇನೆ. ಆಕಳಿಸಿತು ಅಂತ ಒಂದೇ ಮಾತಲ್ಲಿ ಹಾರಿಸಿಬಿಟ್ಟ ಆ ವರ್ಷಗಳಲ್ಲೇ ಅಲ್ವಾ ನಿಜವಾದ ಕೆಲಸ ನಡೆದದ್ದು? 2009ರಲ್ಲೇ ಒಂದು ಕಂಪ್ಯೂಟರ್ ಪತ್ರಿಕೆ ಈ ಸುದ್ದಿ ಹೊರಗೆ ತಂತು. 555 ಜನ ಒಟ್ಟಾಗಿ ಕೋರ್ಟಿಗೆ ಹೋದರು. ವ್ಯವಸ್ಥೆಯಲ್ಲಿ ದೋಷವಿತ್ತು ಅಂತ 2019ರ ಡಿಸೆಂಬರಿನಲ್ಲಿ ಹೈಕೋರ್ಟು ಹೇಳಿತು. 2021ರಲ್ಲಿ ಒಂದೇ ದಿನ 39 ಜನರ ಶಿಕ್ಷೆ ರದ್ದಾಯಿತು. ಕಡತ ಹೊತ್ತು ಅಲೆದದ್ದು, ವಕೀಲರನ್ನು ಹಿಡಿದದ್ದು, ಖಾಲಿ ಸಭೆಗಳಲ್ಲಿ ಕೂತದ್ದು, ಎಲ್ಲ ಅವರೇ. ನಾಟಕ ಬರುವ ಹೊತ್ತಿಗೆ ಸೌದೆ ಒಣಗಿಸಿ ಒಟ್ಟಿ ಆಗಿತ್ತು. ನಾಟಕ ಕಡ್ಡಿ ಗೀರಿತು. ಬೆಂಕಿ ಹತ್ತಿದ ಮೇಲೆ ಸೌದೆ ಒಡೆದವರ ಹೆಸರು ಯಾರಿಗೆ ಬೇಕು!

ಇನ್ನು, ಕತೆ ಎಲ್ಲಿ ನಾಟುತ್ತದೆ ಅನ್ನೋದು ಹೇಳಿದವರ ಕೈಯಲ್ಲಿರಲ್ಲ. ಅಮೆರಿಕದ ಲೇಖಕ ಅಪ್ಟನ್ ಸಿಂಕ್ಲೇರ್ 'ದ ಜಂಗಲ್' ಕಾದಂಬರಿ ಬರೆದದ್ದು ಶಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಬಡ ವಲಸಿಗರ ಪಾಡನ್ನು ತೋರಿಸೋಕೆ. ಓದಿದವರು ದುಡಿಯುವವರ ಬಗ್ಗೆ ಮರುಗಿದ್ದು ಅಷ್ಟಕ್ಕಷ್ಟೇ. ನಾವು ತಿನ್ನೋ ಮಾಂಸ ಇಷ್ಟು ಕೊಳಕಾ ಅಂತ ಗಾಬರಿಬಿದ್ದರು. 1906ರ ಜೂನ್ 30ರಂದು ಒಂದೇ ದಿನ ಎರಡು ಕಾನೂನು ಬಂದವು, ಒಂದು ಮಾಂಸದ ತಪಾಸಣೆಗೆ, ಇನ್ನೊಂದು ಆಹಾರ ಮತ್ತು ಔಷಧದ ಕಲಬೆರಕೆ ತಡೆಯೋಕೆ. ಕೆಲಸಗಾರರಿಗೆ ಏನೂ ಬರಲಿಲ್ಲ. ಜನರ ಎದೆಗೆ ಗುರಿಯಿಟ್ಟರೆ ಹೊಟ್ಟೆಗೆ ತಗುಲಿತು ಅಂತ ಆಮೇಲೆ ಅವರೇ ಹೇಳಿಕೊಂಡರು.

ಆ ಒಳಗಿನ ವಕೀಲ ಇದ್ದಾನಲ್ಲ, ಅವನು ಒಳ್ಳೇ ಕತೆಗೆ ಮಾತ್ರ ಕೂರಲ್ಲ. 1915ರ 'ದ ಬರ್ತ್ ಆಫ್ ಎ ನೇಷನ್' ಸಿನಿಮಾ, ಅಮೆರಿಕದಲ್ಲಿ ಕರಿಯರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪನ್ನು ವೀರರ ಹಾಗೆ ತೋರಿಸಿತು. ಯಾವಾಗಲೋ ಸತ್ತುಹೋಗಿದ್ದ ಆ ಗುಂಪು ಅದೇ ವರ್ಷ ಮತ್ತೆ ಎದ್ದಿತು. ಅದೂ ಕತೆಯ ತಾಕತ್ತೇ. ವಕೀಲನನ್ನು ಕೂರಿಸೋದು ಅಷ್ಟೇನೂ ಖುಷಿಪಡೋ ವಿಷಯ ಅಲ್ಲ ಅಂತ ಆಗ ಅನಿಸುತ್ತದೆ.

ಇನ್ನೊಂದು. ಕತೆಗೆ ಚೆಂದದ ನಾಯಕ ಬೇಕು, ಓದುಗರು ಇಷ್ಟಪಡೋ ಅಂಥವನು. ಅನ್ಯಾಯಕ್ಕೆ ಸಿಕ್ಕವರೆಲ್ಲ ಹಾಗಿರಲ್ಲ. ಕುಡುಕ ಇರ್ತಾನೆ, ಸಿಡುಕಿ ಇರ್ತಾಳೆ, ಸುಳ್ಳು ಹೇಳೋರೂ ಇರ್ತಾರೆ. ಅವರಿಗೂ ನ್ಯಾಯ ಸಿಗಬೇಕು. ಕಣ್ಣೀರು ತರಿಸದವರಿಗೂ ಅನ್ವಯಿಸೋದು ಕಾನೂನು ಮಾತ್ರ.

ಇನ್ನು ನನ್ನ ಗೆಳತಿ. ಅವಳ ಮಾತು ನನ್ನನ್ನು ಬದಲಿಸಿತು ಅಂತ ಹೆಮ್ಮೆಯಿಂದ ಬರೆದೆನಲ್ಲ, ಏನು ಬದಲಾಯ್ತು ಹೇಳಿ? ಮೆಟ್ಟಿಲು ಎಣಿಸುತ್ತೇನೆ. ಆ ಕತೆಯನ್ನು ಹತ್ತು ಕಡೆ ಹೇಳಿದ್ದೇನೆ, ಈಗ ನಿಮಗೂ ಹೇಳಿದೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ, ನನಗೂ ಏನೋ ಮಾಡಿದ ಸಮಾಧಾನ. ಆ ಕಟ್ಟಡದವರಿಗೆ ಇಳಿಜಾರು ಹಾಕಿಸಿ ಅಂತ ಒಂದು ಅರ್ಜಿ ಬರೆದು ಕೊಟ್ಟಿಲ್ಲ. ಹೋದ ತಿಂಗಳು ಅಲ್ಲೇ ಮತ್ತೊಂದು ಕಾರ್ಯಕ್ರಮ ಇತ್ತು. ಮೂರು ಮೆಟ್ಟಿಲೂ ಇದ್ದವು. ಅವಳಿಗೆ ನೀರಿನ ಬಾಟಲಿ ಕೊಡೋಕೆ ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡೆ.