23 ಕಿಲೋ ಜಪಾನು

ಜಪಾನಿಗೆ ಓದಲು ಹೊರಟ ಹುಡುಗನ ಮನೆಯಲ್ಲಿ ಹಿಂದಿನ ದಿನ ಸೂಟ್‌ಕೇಸು ತೂಕದ ಮಷೀನನ್ನು ಏಳು ಸಲ ಹತ್ತಿ ಇಳಿಯುತ್ತದೆ. ಮಿತಿ 23 ಕಿಲೋ, ಮುಳ್ಳು ನಿಲ್ಲುವುದು 26ರಲ್ಲಿ. ಮನೆಮಂದಿಯೆಲ್ಲ ಚರ್ಚಿಸಿ ಎರಡು ಪ್ಯಾಂಟು ತೆಗೆಯುತ್ತಾರೆ. ಮಿಕ್ಸಿ ಕೂತಲ್ಲೇ ಕೂತಿರುತ್ತದೆ.

ಮೊದಲು ಇಳಿಯಬೇಕಾದದ್ದು ಅದೇ. ನಮ್ಮ ಗೋಡೆಯಲ್ಲಿ 230 ವೋಲ್ಟ್, ಅಲ್ಲಿ ಬರೀ 100. ಅಲ್ಲಿನ ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಅಡಾಪ್ಟರು ಈ ತಾಪತ್ರಯವನ್ನು ಕಳೆಯುತ್ತದೆಯೇ ಹೊರತು ವೋಲ್ಟೇಜು ಏರಿಸುವುದಿಲ್ಲ. ಕೆಟಲ್ಲಿನ ಕಾವು ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ್ದರ) ಲೆಕ್ಕದಲ್ಲಿ ಇಳಿಯುವುದರಿಂದ ಇಲ್ಲಿನ 1500 ವಾಟಿನದು ಅಲ್ಲಿ ಸುಮಾರು 280 ವಾಟಿಗೆ ಕುಗ್ಗುತ್ತದೆ. ನಾಲ್ಕು ನಿಮಿಷಕ್ಕೆ ಕುದಿಯುತ್ತಿದ್ದ ಒಂದು ಲೀಟರ್ ನೀರಿಗೆ ಇಪ್ಪತ್ತು ನಿಮಿಷವೂ ಸಾಲದು. ಮಿಕ್ಸಿಯೋ, ತೆಂಗಿನಕಾಯಿ ಚೂರು ಕಂಡದ್ದೇ ಗುಂಯ್ ಎಂದು ನರಳಿ ಸುಮ್ಮನಾಗುತ್ತದೆ. ಫೋನು, ಲ್ಯಾಪ್‌ಟಾಪಿನ ಚಾರ್ಜರಿನ ಮೇಲೆ 100–240 ಎಂದಿದ್ದರೆ ಅದರ ಚಿಂತೆ ಬಿಡಿ.

ಹಸಿ ಕರಿಬೇವು, ಮಾವಿನಹಣ್ಣು ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ಹಸಿ ಸೊಪ್ಪನ್ನು ಒಳಗೆ ಬಿಡುವುದಿಲ್ಲ. ಲಗೇಜು ಬರುವ ಕಡೆ ಇಂಥದ್ದನ್ನೇ ಮೂಸುತ್ತ ಓಡಾಡುವ ಬೀಗಲ್ ನಾಯಿ ಬೊಗಳಿ ಮಾನ ಕಳೆಯುವುದಿಲ್ಲ, ನಿಮ್ಮ ಚೀಲದ ಪಕ್ಕ ಸುಮ್ಮನೆ ಕೂತುಬಿಡುತ್ತದೆ. ಡಾಕ್ಟರು ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗಾಗುವಷ್ಟು ಸಾಕು. ಅದಕ್ಕೆ ಮೀರಿದರೆ ಮೊದಲೇ ಅನುಮತಿ ಪತ್ರ ತರಿಸಬೇಕು. ಶೇ. 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗಂತೂ ಪ್ರವೇಶವೇ ಇಲ್ಲ.

ಕಾಗದಪತ್ರ ಭದ್ರವಾಗಿರಲಿ ಎಂದು ಚಟ್ನಿಪುಡಿಯ ಕೆಳಗೆ ಇಡುವವರಿದ್ದಾರೆ. ಇಮಿಗ್ರೇಶನ್ ಕೌಂಟರು ಬರುವುದು ಲಗೇಜಿಗಿಂತ ಮೊದಲು. ಕಾಲೇಜಿನ ಪತ್ರ, ಹಾಸ್ಟೆಲ್ ವಿಳಾಸ, ವಾರಕ್ಕೆ 28 ಗಂಟೆ ಪಾರ್ಟ್‌ಟೈಮ್ ಕೆಲಸಕ್ಕೆ ಒಪ್ಪಿಗೆ ಕೇಳುವ ಅರ್ಜಿ, ಇವೆಲ್ಲ ಕೈಚೀಲದಲ್ಲಿರಬೇಕು.

ಹೆಸರಿನದು ಬೇರೆಯದೇ ಪ್ರಹಸನ. ಜಪಾನಿ ಲಿಪಿಯಲ್ಲಿ ಲ, ರ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಲಲಿತಾ ಅಲ್ಲಿ ರರಿತಾ. ಬೇಸರ ಮಾಡಿಕೊಳ್ಳುವ ಬದಲು ಹೊರದೇಶದ ಹೆಸರು ಬರೆಯುವ ಲಿಪಿಯಾದ ಕತಕಾನದಲ್ಲಿ ಒಂದು ರೂಪ ಗೊತ್ತುಮಾಡಿಕೊಂಡು ಬ್ಯಾಂಕು, ವಾರ್ಡ್ ಕಚೇರಿ, ಫೋನಿನ ಅಂಗಡಿ ಮೂರರಲ್ಲೂ ಅದನ್ನೇ ಬರೆಯಿರಿ. ಒಂದು ಕಡೆ ದೀರ್ಘ ಬಿಟ್ಟರೂ ನೀವು ಬೇರೆಯವರಾಗುತ್ತೀರಿ.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೇಲೆ ಮಾಂಸ ಇರುವುದಿಲ್ಲ, ಸಾರಿನಲ್ಲಿ ಮೀನು ಇರುತ್ತದೆ. ಸೋಯಾ ಹಿಟ್ಟನ್ನು ಹುದುಗಿಸಿದ ಮಿಸೊ ಹಾಕಿದ ಸೂಪಿಗೂ ಉದೊನ್ ಎಂಬ ದಪ್ಪ ಗೋಧಿ ನೂಡಲ್ಸಿಗೂ ಬುಡ ಕಟ್ಟುವುದು ದಾಶಿ ಎಂಬ ಸಾರು. ಅದು ಸಾಮಾನ್ಯವಾಗಿ ಒಣಗಿಸಿದ ಕತ್ಸುವೊ ಮೀನಿನ ಹೆರೆತದ ರಸ. ‘ನಿಕು ಮೊ ಸಕಾನಾ ಮೊ ತಬೆರಾರೆಮಾಸೆನ್’ ಎಂದು ಕಲಿತುಕೊಳ್ಳಿ: ಮಾಂಸವೂ ಮೀನೂ ತಿನ್ನಲಾಗುವುದಿಲ್ಲ. ಆ ‘ಮೊ’ ನಮ್ಮ ‘ಊ’ ಇದ್ದಹಾಗೆ, ಕ್ರಿಯಾಪದವೂ ನಮ್ಮಂತೆ ಕೊನೆಗೇ ಬರುತ್ತದೆ. ಕನ್ನಡದವರಿಗೆ ಇದೊಂದು ಪುಕ್ಕಟೆ ಲಾಭ. ದಾಶಿಯ ಬಗ್ಗೆ ಮಾತ್ರ ಪ್ರತ್ಯೇಕವಾಗಿ ವಿಚಾರಿಸಬೇಕು.

ಇನ್ನು ಶೌಚಾಲಯ. ನೀರು ಚಿಮ್ಮುವ ಕಮೋಡು ಕಂಡು ನಮ್ಮವರಿಗೆ ತವರು ಸಿಕ್ಕಷ್ಟು ಖುಷಿ. ಗುಂಡಿಗಳ ಸಾಲು ನೋಡಿದ ಮೇಲೆ ಖುಷಿ ಅರ್ಧ. ಕೈಕಾಲು ಚಾಚಿ ನಿಂತ ಮನುಷ್ಯನಂಥ ಅಕ್ಷರ ‘ದಾಯ್’, ಅಂದರೆ ದೊಡ್ಡದು. ಕೈ ಇಳಿಬಿಟ್ಟದ್ದು ‘ಶೋ’, ಚಿಕ್ಕದು. ಎರಡೂ ಫ್ಲಶ್ಶಿನವು. ಇವಕ್ಕಿಂತ ಮೊದಲು ಕಲಿಯಬೇಕಾದದ್ದು ನಿಲ್ಲಿಸುವ ಗುಂಡಿ. ಅದರ ಮೇಲೆ ನಾಲ್ಕು ಗೆರೆಯ ಅಕ್ಷರವಿರುತ್ತದೆ, ಪಕ್ಕದಲ್ಲಿ ಹೆಚ್ಚಾಗಿ ಒಂದು ಚೌಕ. ಕೂತವರ ಭಾರ ತಿಳಿಯುವ ಸೆನ್ಸರ್ ಇರುವುದರಿಂದ ಎದ್ದರೆ ನೀರು ನಿಲ್ಲುತ್ತದೆ. ಆದರೆ ಎದ್ದು ಬಗ್ಗಿ, ಒಂದು ಕೈಯಲ್ಲಿ ಸೀಟು ಅದುಮಿಕೊಂಡು ಇನ್ನೊಂದರಲ್ಲಿ ಗುಂಡಿ ಪರೀಕ್ಷಿಸಿದರೆ ನೀರು ನೇರ ಮುಖಕ್ಕೆ.

ಆ ಗಾಬರಿಯಲ್ಲಿ ಗೋಡೆಯ ಮೇಲಿನ ದಪ್ಪ ಗುಂಡಿ ಒತ್ತಬೇಡಿ. ಅದು ಸಹಾಯಕ್ಕೆ ಕರೆಯುವುದು; ಒತ್ತಿದ್ದೇ ಯಾರೋ ಓಡಿಬಂದು ಬಾಗಿಲು ತಟ್ಟುತ್ತಾರೆ. ಒತ್ತಿಯೇಬಿಟ್ಟಿದ್ದರೆ ಒಳಗಿನಿಂದಲೇ ‘ಸುಮಿಮಾಸೆನ್, ದಾಯ್‌ಜೋಬು ದೆಸು’ ಎನ್ನಿ: ಕ್ಷಮಿಸಿ, ಏನೂ ಆಗಿಲ್ಲ. ಮುಖ ಒರೆಸಿಕೊಳ್ಳಲು ಕರವಸ್ತ್ರ ನಿಮ್ಮದೇ ಇರಲಿ, ಅಲ್ಲಿನ ಎಷ್ಟೋ ಸಾರ್ವಜನಿಕ ಶೌಚಾಲಯಗಳಲ್ಲಿ ಕೈ ಒರೆಸಲು ಕಾಗದವೂ ಇರುವುದಿಲ್ಲ.